ಒಂದು ಸ್ತನ ಗಟ್ಟಿಯಾಗಿದೆ: ಇಂಪ್ಲಾಂಟ್ ಬದಲಿಸುವುದೋ, ತೆಗೆಸುವುದೋ, ಕಾಯುವುದೋ?

ಪ್ರಶ್ನೆ: ನನಗೆ 34 ವರ್ಷ, ಬೆಂಗಳೂರಿನಲ್ಲಿದ್ದೇನೆ. ಐದು ವರ್ಷದ ಹಿಂದೆ ಎರಡೂ ಸ್ತನಗಳಿಗೆ 325 ಸಿಸಿ ಸಿಲಿಕೋನ್ ಇಂಪ್ಲಾಂಟ್ ಹಾಕಿಸಿಕೊಂಡೆ. ನಾಲ್ಕು ವರ್ಷ ಏನೂ ತೊಂದರೆ ಇರಲಿಲ್ಲ. ಈಗ ಒಂದು ವರ್ಷದಿಂದ ಎಡಗಡೆ ಗಟ್ಟಿಯಾಗುತ್ತಾ ಬಂದು, ಬಲಗಡೆಗಿಂತ ಮೇಲಕ್ಕೆ ಏರಿದಂತೆ ಕಾಣುತ್ತದೆ. ನೋವು ಅಷ್ಟಿಲ್ಲ, ಆದರೆ ಆ ಮಗ್ಗುಲಿಗೆ ಮಲಗಿದರೆ ಒತ್ತುತ್ತದೆ. ಒಬ್ಬ ಡಾಕ್ಟರು ‘ಎರಡನ್ನೂ ಬದಲಿಸೋಣ, ಈ ಸಲ ಸ್ವಲ್ಪ ದೊಡ್ಡದು ಹಾಕೋಣ’ ಎಂದರು. ಇನ್ನೊಬ್ಬರು ‘ಎನ್‌ಬ್ಲಾಕ್ ಮಾಡಿ ತೆಗೆಸಿಬಿಡಿ’ ಎಂದರು. ಇಬ್ಬರೂ ಸ್ಕ್ಯಾನ್ ಬರೆಯಲಿಲ್ಲ. ಮೂರು ವರ್ಷದ ಮಗಳಿದ್ದಾಳೆ, ಇನ್ನೊಂದು ಮಗು ಬೇಕೆಂದಿದೆ. ಏನು ಮಾಡಲಿ?

ಉತ್ತರ: ನೀವು ಬರೆದಿರುವ ಲಕ್ಷಣಗಳಲ್ಲಿ ನಾಳೆಯೇ ಆಪರೇಷನ್ ಆಗಬೇಕಾದ್ದು ಯಾವುದೂ ಇಲ್ಲ. ಹಾಗೆಂದು ಸುಮ್ಮನೆ ಬಿಡುವಂಥದ್ದೂ ಅಲ್ಲ. ಇಬ್ಬರು ಡಾಕ್ಟರೂ ಚಿಕಿತ್ಸೆ ಹೇಳಿದ್ದಾರೆ, ಏನಾಗಿದೆ ಎಂದು ಮಾತ್ರ ಹೇಳಿಲ್ಲ. ಮರು ಶಸ್ತ್ರಚಿಕಿತ್ಸೆಗಳು ಕೆಡುವುದು ಬಹಳ ಸಲ ಇಲ್ಲಿಂದಲೇ. ಯಾವ ದೋಷವನ್ನು ಸರಿಪಡಿಸಲು ಹೊರಟಿದ್ದೇವೆ ಎಂಬುದು ಒಂದು ಸಾಲಿನಲ್ಲಿ ಬರೆಯುವಷ್ಟು ಸ್ಪಷ್ಟವಾಗದ ಹೊರತು ಯಾವ ದಿನಾಂಕಕ್ಕೂ ಒಪ್ಪಬೇಡಿ, ಮುಂಗಡವನ್ನೂ ಕಟ್ಟಬೇಡಿ.

ಗಟ್ಟಿಯಾಗಿರುವುದು ಯಾವುದು?

ದೇಹದೊಳಗೆ ಹೊರಗಿನ ವಸ್ತು ಯಾವುದನ್ನಿಟ್ಟರೂ ಅದರ ಸುತ್ತ ಒಂದು ತೆಳುವಾದ ಪೊರೆ ಕಟ್ಟಿಕೊಳ್ಳುತ್ತದೆ. ಇದಕ್ಕೆ ಕ್ಯಾಪ್ಸೂಲ್ ಎನ್ನುತ್ತಾರೆ. ಇದು ಕಾಯಿಲೆಯಲ್ಲ, ಮೆತ್ತಗಿರುವ ನಿಮ್ಮ ಬಲಗಡೆಯಲ್ಲೂ ಇದೆ. ಈ ಪೊರೆ ದಪ್ಪಗಾಗಿ, ಬಿಗಿದು, ಒಳಗಿನ ಇಂಪ್ಲಾಂಟನ್ನು ಹಿಂಡತೊಡಗಿದರೆ ತೊಂದರೆ ಶುರು. ಆಗಲೂ ಗಟ್ಟಿಯಾಗಿರುವುದು ಇಂಪ್ಲಾಂಟ್ ಅಲ್ಲ, ಅದನ್ನು ಹೊರತೆಗೆದು ನೋಡಿದರೆ ಮೆತ್ತಗೇ ಇರುತ್ತದೆ. ಹಿಡಿತಕ್ಕೆ ಸಿಕ್ಕಿ ಅಗಲ ಕಡಿಮೆಯಾಗಿ, ಗುಂಡಗಾಗಿ, ಮೇಲಕ್ಕೆ ಸರಿದಿರುತ್ತದೆ, ಅಷ್ಟೇ. ನೀವು ಹೇಳುವ ‘ಏರಿದಂತೆ’ ಎಂಬುದು ಇದಕ್ಕೆ ಸರಿಯಾಗಿ ಹೊಂದುತ್ತದೆ.

ಇದನ್ನು ಅಳೆಯಲು ಬೇಕರ್ ಶ್ರೇಣಿ ಎಂಬ ನಾಲ್ಕು ಹಂತಗಳಿವೆ. ಮೊದಲನೆಯದು ಸಹಜ ಮೃದುತ್ವ. ಎರಡರಲ್ಲಿ ಮುಟ್ಟಿದರೆ ತುಸು ಬಿಗಿ, ನೋಡಲು ಏನೂ ತಿಳಿಯದು. ಮೂರರಲ್ಲಿ ಮುಟ್ಟಿದರೆ ಗಟ್ಟಿ, ನೋಡಿದರೂ ಆಕಾರ ಕೆಟ್ಟಿರುವುದು ಕಾಣುತ್ತದೆ. ನಾಲ್ಕರಲ್ಲಿ ಇದರ ಜೊತೆಗೆ ನೋವು. ನಿಮ್ಮ ವಿವರಣೆ ಮೂರನೆಯ ಹಂತದಂತಿದೆ. ಮುಟ್ಟಿ ನೋಡದೆ ಇದಕ್ಕಿಂತ ಹೆಚ್ಚು ಹೇಳಲಾಗದು.

ಹೀಗೇಕೆ ಆಗುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಇಂಪ್ಲಾಂಟಿನ ಮೇಲ್ಮೈಗೆ ಅಂಟಿ, ಜ್ವರ ಕೀವು ಯಾವುದನ್ನೂ ಮಾಡದೆ ವರ್ಷಗಟ್ಟಲೆ ಉಳಿಯುವ ಬ್ಯಾಕ್ಟೀರಿಯಾಗಳ ಪದರ, ಅಂದರೆ ಬಯೋಫಿಲ್ಮ್, ಮುಖ್ಯ ಶಂಕಿತ. ಚರ್ಮದ ಮೇಲೆ ಸದಾ ಇರುವ, ಹಾಲಿನ ನಾಳಗಳಲ್ಲೂ ಸಿಗುವ ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್‌ನಂಥವು ಇವು. ಮೊದಲ ಆಪರೇಷನ್ ವೇಳೆ ಒಳಗೆ ನಿಂತ ರಕ್ತ, ಇಂಪ್ಲಾಂಟಿನಿಂದ ಒಸರುವ ಸಿಲಿಕೋನ್ ಕೂಡ ಕಾರಣವಾಗಬಹುದು. ಎದೆಯ ಸ್ನಾಯುವಿನ ಕೆಳಗಿಟ್ಟ ಇಂಪ್ಲಾಂಟಿಗಿಂತ ಸ್ತನದ ಗ್ರಂಥಿಯ ಕೆಳಗೆ, ಸ್ನಾಯುವಿನ ಮೇಲೆ ಇಟ್ಟದ್ದರಲ್ಲಿ ಈ ಬಿಗಿತ ಹೆಚ್ಚು. ನೀವು ಮಲಗುವ ಭಂಗಿಯಿಂದಾಗಲಿ, ಮಸಾಜ್ ಬಿಟ್ಟಿದ್ದರಿಂದಾಗಲಿ ಇದು ಬಂದದ್ದಲ್ಲ. ಆ ತಪ್ಪನ್ನು ನಿಮ್ಮ ಮೇಲೆ ಹಾಕಿಕೊಳ್ಳಬೇಡಿ.

ಆದರೆ ಗಟ್ಟಿ ಎಂದರೆಲ್ಲ ಪೊರೆಯ ಬಿಗಿತವೇ ಆಗಿರಬೇಕಿಲ್ಲ. ಪೊರೆಯ ಬಿಗಿತ ಸಾಮಾನ್ಯವಾಗಿ ಮೊದಲ ಒಂದೆರಡು ವರ್ಷದಲ್ಲೇ ತಲೆ ಎತ್ತುತ್ತದೆ. ನಾಲ್ಕು ವರ್ಷ ಚೆನ್ನಾಗಿದ್ದು ಆಮೇಲೆ ಒಂದೇ ಕಡೆ ಶುರುವಾದರೆ ಒಳಗೆ ಇಂಪ್ಲಾಂಟ್ ಒಡೆದಿದೆಯೇ, ಅದರ ಸುತ್ತ ನೀರು ತುಂಬಿದೆಯೇ ಎಂದು ನೋಡಲೇಬೇಕು. ಜೊತೆಗೆ, ಅದು ಮೊದಲು ಸ್ತನ, ಆಮೇಲೆ ಇಂಪ್ಲಾಂಟ್ ಇರುವ ಸ್ತನ. ಅಲ್ಲೊಂದು ಗಂಟು ಹುಟ್ಟಿದ್ದರೆ ಎಲ್ಲರಿಗೂ ಮಾಡುವ ಪರೀಕ್ಷೆ ನಿಮಗೂ ಆಗಬೇಕು. ‘ಇಂಪ್ಲಾಂಟ್ ತಾನೇ’ ಎಂದು ಗಂಟನ್ನು ತಳ್ಳಿಹಾಕುವುದು ಅಪಾಯದ ಅಭ್ಯಾಸ.

ಯಾವ ಸ್ಕ್ಯಾನ್, ಏನು ಕೇಳಬೇಕು

ಮೊದಲು ಎರಡೂ ಸ್ತನ ಮತ್ತು ಕಂಕುಳಿನ ಅಲ್ಟ್ರಾಸೌಂಡ್. ಹೊಟ್ಟೆಯ ಸ್ಕ್ಯಾನ್ ಮಾಡುವವರೆಲ್ಲರೂ ಇದನ್ನು ಚೆನ್ನಾಗಿ ಮಾಡುತ್ತಾರೆಂದಿಲ್ಲ. ಸ್ತನದ ಇಮೇಜಿಂಗ್ ದಿನವೂ ಮಾಡುವ ರೇಡಿಯಾಲಜಿಸ್ಟ್ ಇರುವ ಕೇಂದ್ರವನ್ನು ಹುಡುಕಿ. ವರದಿಯಲ್ಲಿ ಮೂರು ವಿಷಯ ಬರೆದಿರಬೇಕು: ಇಂಪ್ಲಾಂಟಿನ ಹೊರಚಿಪ್ಪು ಅಖಂಡವಾಗಿದೆಯೇ, ಸುತ್ತ ನೀರಿದೆಯೇ (ಇದ್ದರೆ ಎಷ್ಟು), ಸ್ತನದ ಅಂಗಾಂಶದಲ್ಲಿ ಗಂಟು ಅಥವಾ ಕಂಕುಳಲ್ಲಿ ಗ್ರಂಥಿ ಇದೆಯೇ.

ಅಲ್ಟ್ರಾಸೌಂಡಿನಲ್ಲಿ ಅನುಮಾನ ಉಳಿದರೆ ಎಂಆರ್‌ಐ. ಒಡೆದಿದೆಯೇ ಎಂದಷ್ಟೇ ನೋಡುವುದಾದರೆ ಕಾಂಟ್ರಾಸ್ಟ್ ಇಂಜೆಕ್ಷನ್ ಬೇಕಿಲ್ಲ. ಕ್ಯಾನ್ಸರಿನ ಶಂಕೆ ಇದ್ದರೆ ಬೇಕು. ‘ಇಂಪ್ಲಾಂಟ್ ಪ್ರೋಟೋಕಾಲ್’ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ, ಸಿಲಿಕೋನನ್ನು ಬೇರ್ಪಡಿಸಿ ತೋರಿಸುವ ಚಿತ್ರಗಳನ್ನು ಆಗ ತೆಗೆಯುತ್ತಾರೆ. ಒಡೆದ ಚಿಪ್ಪು ಜೆಲ್ಲಿನೊಳಗೆ ಮಡಚಿ ತೇಲುವಾಗ ಶಾವಿಗೆ ಎಳೆಗಳಂತೆ ಕಾಣುತ್ತದೆ. ಒಡೆಯದ ಇಂಪ್ಲಾಂಟಿನ ಚಿಪ್ಪಿನಲ್ಲೂ ಅಂಚಿನಿಂದ ಒಳಕ್ಕೆ ಬರುವ ಸಹಜ ಮಡಿಕೆಗಳಿರುತ್ತವೆ. ಅನುಭವ ಕಡಿಮೆ ಇದ್ದವರು ಇವನ್ನೇ ಬಿರುಕೆಂದು ಓದಿಬಿಡುವುದುಂಟು. ಹೀಗಾಗಿ ‘ರಪ್ಚರ್’ (ಒಡೆದಿದೆ) ಎಂದು ವರದಿ ಬಂದರೆ, ಆಪರೇಷನ್‌ಗೆ ಮೊದಲು ಆ ಚಿತ್ರಗಳನ್ನು ಇನ್ನೊಬ್ಬ ರೇಡಿಯಾಲಜಿಸ್ಟಿಗೆ ತೋರಿಸಿ. ಸಿಡಿ ಕೊಡಲು ಕೇಂದ್ರದವರು ಇಲ್ಲ ಎನ್ನುವುದಿಲ್ಲ.

ಸಿಲಿಕೋನ್ ಇಂಪ್ಲಾಂಟ್ ಒಡೆದರೂ ಹೊರಗೆ ಏನೂ ತಿಳಿಯದಿರಬಹುದು. ಉಪ್ಪುನೀರಿನದಾದರೆ ಒಂದೆರಡು ದಿನದಲ್ಲಿ ಚಪ್ಪಟೆಯಾಗುತ್ತದೆ, ಜೆಲ್ ಅಲ್ಲೇ ನಿಲ್ಲುತ್ತದೆ. ಇದಕ್ಕಾಗಿಯೇ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಯಾವ ತೊಂದರೆಯೂ ಇಲ್ಲದವರು ಕೂಡ ಇಂಪ್ಲಾಂಟ್ ಹಾಕಿದ 5-6 ವರ್ಷಕ್ಕೆ ಮೊದಲ ಸಲ, ಆಮೇಲೆ 2-3 ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಬೇಕೆಂದು ಹೇಳುತ್ತದೆ. ನಿಮಗೆ ಹೇಗೂ ಆ ಹೊತ್ತು ಬಂದಿದೆ.

ಹಳೆಯ ಕಾಗದ

ಇಂಪ್ಲಾಂಟ್ ಜೊತೆ ಬರುವ ಚಿಕ್ಕ ಕಾರ್ಡು ಎಲ್ಲಿದೆ, ಹುಡುಕಿ. ತಯಾರಕರ ಹೆಸರು, ಮಾದರಿ, ಸೀರಿಯಲ್ ಅಥವಾ ಲಾಟ್ ಸಂಖ್ಯೆ, ಗಾತ್ರ, ಮೇಲ್ಮೈ ನುಣುಪೋ ತರಿತರಿಯೋ ಎಂಬುದು ಅದರಲ್ಲಿರುತ್ತದೆ. ಕಾರ್ಡಿಲ್ಲದಿದ್ದರೆ ಡಿಸ್‌ಚಾರ್ಜ್ ಸಮ್ಮರಿಯಲ್ಲಿ ಅಥವಾ ಬಿಲ್ಲಿನ ಹಿಂದೆ ಸ್ಟಿಕ್ಕರ್ ಅಂಟಿಸಿರುತ್ತಾರೆ. ಅದೂ ಇಲ್ಲವೆಂದರೆ ಆಸ್ಪತ್ರೆಗೆ ಲಿಖಿತ ಅರ್ಜಿ ಕೊಡಿ. ಒಳರೋಗಿಗಳ ದಾಖಲೆಯನ್ನು ವೈದ್ಯರು ಮೂರು ವರ್ಷ ಇಟ್ಟುಕೊಳ್ಳಬೇಕು, ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂಬುದು 2002ರ ವೈದ್ಯಕೀಯ ನಡವಳಿಕೆ ನಿಯಮ. ನಿಮಗೆ ಐದು ವರ್ಷವಾಗಿದೆ, ಆದರೂ ಎಷ್ಟೋ ಆಸ್ಪತ್ರೆಗಳು ಕಂಪ್ಯೂಟರಿನಲ್ಲಿ ಉಳಿಸಿಕೊಂಡಿರುತ್ತವೆ. ಕಾರ್ಡಿಗಿಂತಲೂ ಬೆಲೆಬಾಳುವುದು ಆಪರೇಷನ್ ನೋಟ್ಸ್: ಎಲ್ಲಿ ಕೊಯ್ದರು, ಸ್ನಾಯುವಿನ ಮೇಲಿಟ್ಟರೋ ಕೆಳಗಿಟ್ಟರೋ ಎಂಬುದು ಅಲ್ಲಿ ಸಿಗುತ್ತದೆ. ಎರಡನೆಯ ಸರ್ಜನ್ ಇದನ್ನು ಓದಿ ಒಳಹೊಕ್ಕರೆ ಒಂದು ಲೆಕ್ಕ, ಓದದೆ ಹೊಕ್ಕರೆ ಇನ್ನೊಂದು.

ಮೇಲ್ಮೈ ಯಾಕೆ ಮುಖ್ಯವೆಂದರೆ, ಇಂಪ್ಲಾಂಟ್ ಸುತ್ತಲ ಪೊರೆಯಲ್ಲಿ ಹುಟ್ಟುವ ಒಂದು ಅಪರೂಪದ ಲಿಂಫೋಮಾ (ರೋಗನಿರೋಧಕ ಕಣಗಳ ಕ್ಯಾನ್ಸರ್), ಬಿಐಎ-ಎಎಲ್‌ಸಿಎಲ್, ತರಿತರಿ ಮೇಲ್ಮೈಯವುಗಳ ಜೊತೆ ಕಾಣಿಸಿಕೊಂಡಿದೆ. 2019ರ ಜುಲೈನಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಮೇಲ್ಮೈಯ ಇಂಪ್ಲಾಂಟುಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆದದ್ದು ಇದೇ ಕಾರಣಕ್ಕೆ. ನಿಮ್ಮದು ಆ ಮಾದರಿಯೇ ಆಗಿದ್ದರೂ ಗಾಬರಿ ಬೇಡ. ಲಕ್ಷಣಗಳಿಲ್ಲದವರು ಕೇವಲ ಭಯದಿಂದ ತೆಗೆಸಬೇಕಿಲ್ಲ ಎಂಬುದೇ ಎಫ್‌ಡಿಎ ಸಲಹೆ. ಆದರೆ ನಿಮಗೆ ಒಂದು ಬದಲಾವಣೆ ಕಾಣಿಸಿಕೊಂಡಿದೆ. ಹಾಗಾಗಿ ಸ್ಕ್ಯಾನಿನಲ್ಲಿ ನೀರಿದೆಯೇ ಎಂಬ ಪ್ರಶ್ನೆಗೆ ನಿಮ್ಮ ವಿಷಯದಲ್ಲಿ ಹೆಚ್ಚು ತೂಕ.

ನೀರು ಕಂಡರೆ ಏನು ಮಾಡಬೇಕೆಂದು ವಿವರವಾಗಿ ಹೇಳುತ್ತೇನೆ, ಏಕೆಂದರೆ ಎಡವುವುದು ಇಲ್ಲಿ. ಆಪರೇಷನ್ ಆಗಿ ಒಂದು ವರ್ಷ ಕಳೆದ ಮೇಲೆ ಇಂಪ್ಲಾಂಟ್ ಸುತ್ತ ತುಂಬುವ ನೀರನ್ನು ಸೂಜಿಯಿಂದ ಎಳೆದು ಬಿಸಾಡಬಾರದು. ಅಲ್ಟ್ರಾಸೌಂಡ್ ನೋಡುತ್ತಲೇ ಎಳೆಯಬೇಕು, ಸಾಧ್ಯವಾದರೆ 50 ಮಿಲಿಗೆ ಕಡಿಮೆಯಿಲ್ಲದಂತೆ, ಮತ್ತು ಅಷ್ಟೂ ಪ್ರಯೋಗಾಲಯಕ್ಕೆ ಹೋಗಬೇಕು. ಒಂದು ಭಾಗ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರಿಗೆ, ಉಳಿದದ್ದು ಸೈಟಾಲಜಿ (ಕಣಗಳ ಪರೀಕ್ಷೆ) ಮತ್ತು ಈ ಲಿಂಫೋಮಾದ ಗುರುತು ಹಿಡಿಯುವ ಸಿಡಿ30 ಪರೀಕ್ಷೆಗೆ. ಚೀಟಿಯಲ್ಲಿ ‘ಇಂಪ್ಲಾಂಟ್ ಇದೆ, ಎಎಲ್‌ಸಿಎಲ್ ಇಲ್ಲವೆಂದು ಖಚಿತಪಡಿಸಬೇಕು’ ಎಂದು ಬರೆಯದಿದ್ದರೆ ಲ್ಯಾಬಿನವರು ಮಾಮೂಲಿ ಪರೀಕ್ಷೆ ಮಾಡಿ ‘ಉರಿಯೂತದ ಕಣಗಳು’ ಎಂದು ಕಳಿಸಿಬಿಡುತ್ತಾರೆ. ಸಿಡಿ30 ಫಲಿತಾಂಶ ಕೈಗೆ ಬರುವ ಮೊದಲು ಇಂಪ್ಲಾಂಟ್ ಬದಲಿಸುವ ಆಪರೇಷನ್ ಮಾಡಿಸಬಾರದು. ಲಿಂಫೋಮಾ ಎಂದಾದರೆ ಆಪರೇಷನ್ನಿನ ಸ್ವರೂಪವೇ ಬೇರೆ: ಪೊರೆಯನ್ನು ಬಿಚ್ಚದೆ ಇಂಪ್ಲಾಂಟ್ ಸಮೇತ ಇಡಿಯಾಗಿ ತೆಗೆಯಬೇಕು. ಬೇಗ ಸಿಕ್ಕಿ ಪೊರೆಯೊಳಗೇ ಇದ್ದರೆ ಅಷ್ಟರಿಂದಲೇ ವಾಸಿಯಾಗುವುದು ಹೆಚ್ಚು.

ಎನ್‌ಬ್ಲಾಕ್ ಎಂಬ ಮಾತು

ಎನ್‌ಬ್ಲಾಕ್ ಎಂದರೆ ಈ ಇಡಿಯಾಗಿ ತೆಗೆಯುವ ವಿಧಾನ. ಕ್ಯಾನ್ಸರ್ ಶಸ್ತ್ರಚಿಕಿತ್ಸೆಯದು. ಈಗ ಇನ್‌ಸ್ಟಾಗ್ರಾಮಿನಲ್ಲಿ ಅದು ಎಲ್ಲರಿಗೂ ಬೇಕಾದ ಶುದ್ಧೀಕರಣದಂತೆ ಓಡಾಡುತ್ತಿದೆ. ಇಂಪ್ಲಾಂಟ್ ಸ್ನಾಯುವಿನ ಕೆಳಗಿದ್ದರೆ ಪೊರೆಯ ಹಿಂಗೋಡೆ ಪಕ್ಕೆಲುಬುಗಳಿಗೆ ಅಂಟಿಕೊಂಡಿರುತ್ತದೆ. ಅದನ್ನು ಕೆರೆದು ಬಿಡಿಸುವಾಗ ರಕ್ತಸ್ರಾವ ಹೆಚ್ಚು, ಅಪರೂಪಕ್ಕೆ ಎದೆಗೂಡಿನ ಪೊರೆ ತೂತಾಗಿ ಶ್ವಾಸಕೋಶದ ಸುತ್ತ ಗಾಳಿ ಸೇರುವುದೂ ಉಂಟು. ಕ್ಯಾನ್ಸರ್ ಇಲ್ಲದವರು ಈ ಅಪಾಯ ತೆಗೆದುಕೊಳ್ಳಲು ಕಾರಣವಿಲ್ಲ. ನಿಮ್ಮಲ್ಲಿ ಬಿಗಿದು ದಪ್ಪಗಾದ ಪೊರೆಯನ್ನು ತೆಗೆಯಬೇಕಾದೀತು, ನಿಜ. ಅದನ್ನು ತುಂಡುತುಂಡಾಗಿ ತೆಗೆದರೂ ಕೆಲಸ ಆಗುತ್ತದೆ. ಪಕ್ಕೆಲುಬಿಗೆ ಅಂಟಿದ ತೆಳು ಭಾಗವನ್ನು ಅಲ್ಲೇ ಬಿಡುವುದು ಎಷ್ಟೋ ಸಲ ಜಾಣತನ. ತೆಗೆದ ಭಾಗ ಬಯಾಪ್ಸಿಗೆ ಹೋಗಲೇಬೇಕು. 2022ರಲ್ಲಿ ಎಫ್‌ಡಿಎ ಪೊರೆಯಲ್ಲಿ ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಮತ್ತು ಬೇರೆ ಲಿಂಫೋಮಾಗಳ ಬಗ್ಗೆಯೂ ಎಚ್ಚರಿಸಿತು. ಅತ್ಯಂತ ವಿರಳ, ಆದರೂ ಬಯಾಪ್ಸಿಯ ಖರ್ಚು ಉಳಿಸುವ ಜಾಗ ಇದಲ್ಲ.

ನೀವು ಸುಸ್ತು, ಕೀಲುನೋವು, ಮರೆವು, ಕೂದಲು ಉದುರುವಿಕೆ ಇವುಗಳ ಬಗ್ಗೆ ಬರೆದಿಲ್ಲ. ಇದ್ದಿದ್ದರೆ ಮಾತು ಸ್ವಲ್ಪ ಬೇರೆಯಾಗುತ್ತಿತ್ತು. ಇಂಪ್ಲಾಂಟ್ ಇರುವ ಕೆಲವರು ಈ ಬಗೆಯ ತೊಂದರೆ ಹೇಳಿಕೊಳ್ಳುತ್ತಾರೆ, 2021ರಿಂದ ಅಮೆರಿಕದಲ್ಲಿ ಇಂಪ್ಲಾಂಟುಗಳ ಮೇಲಿನ ಎಚ್ಚರಿಕೆಯಲ್ಲೂ ಇದು ಸೇರಿದೆ. ಇದನ್ನು ಹಿಡಿಯುವ ರಕ್ತ ಪರೀಕ್ಷೆ ಯಾವುದೂ ಇಲ್ಲ. ತೆಗೆಸಿದ ಮೇಲೆ ಹಲವರಿಗೆ ಹಗುರವಾಗಿದೆ. ಪೊರೆಯನ್ನು ಎಷ್ಟು ತೆಗೆದರು ಎಂಬುದರಿಂದ ಆ ಸುಧಾರಣೆಯಲ್ಲಿ ವ್ಯತ್ಯಾಸವಾಗಲಿಲ್ಲ ಎಂದು ಅಧ್ಯಯನದಲ್ಲಿ ಕಂಡಿದೆ. ಅಂಥವರು ಮೊದಲು ಹಿಮೋಗ್ಲೋಬಿನ್, ಥೈರಾಯಿಡ್, ಬಿ12, ವಿಟಮಿನ್ ಡಿ ನೋಡಿಸಿಕೊಳ್ಳಲಿ.

ಕಾಯಬಹುದೇ?

ಸ್ಕ್ಯಾನಿನಲ್ಲಿ ಚಿಪ್ಪು ಅಖಂಡ, ನೀರಿಲ್ಲ, ಗಂಟಿಲ್ಲ ಎಂದು ಬಂದರೆ ಕಾಯಬಹುದು. ಮೂರನೆಯ ಹಂತದ ಬಿಗಿತದಿಂದ ಜೀವಕ್ಕೆ ಅಪಾಯವಿಲ್ಲ. ಆರು ತಿಂಗಳಿಗೊಮ್ಮೆ ಒಂದೇ ಬೆಳಕಿನಲ್ಲಿ, ಒಂದೇ ದೂರದಿಂದ, ಕೈ ಕೆಳಗಿಟ್ಟು ಒಂದು ಮತ್ತು ಕೈ ಎತ್ತಿ ಒಂದು ಫೋಟೋ ತೆಗೆದಿಡಿ. ನೆನಪಿಗಿಂತ ಇವು ಖಚಿತ.

ಕಾಯುವಾಗ ಮಸಾಜಿನಿಂದ ಮೆತ್ತಗಾಗುತ್ತದೆ ಎಂದು ನಂಬಬೇಡಿ. ಒಂದು ವರ್ಷ ಹಳೆಯದಾದ ಬಿಗಿತ ಮಸಾಜಿಗೆ ಬಗ್ಗದು. ಹಿಂದೆ ಸ್ತನವನ್ನು ಎರಡೂ ಕೈಯಲ್ಲಿ ಬಲವಾಗಿ ಹಿಂಡಿ ಪೊರೆ ಒಡೆಯುವ ಪದ್ಧತಿಯಿತ್ತು. ಇಂಪ್ಲಾಂಟೇ ಒಡೆಯುತ್ತದೆ, ಒಳಗೆ ರಕ್ತ ಸೋರುತ್ತದೆ. ಯಾರಾದರೂ ಹಾಗೆ ಮಾಡಲು ಬಂದರೆ ಎದ್ದು ಬನ್ನಿ. ಅಸ್ತಮಾಕ್ಕೆ ಕೊಡುವ ಮಾಂಟೆಲುಕಾಸ್ಟ್, ಝಾಫಿರ್‌ಲುಕಾಸ್ಟ್ ಮಾತ್ರೆಗಳನ್ನು ಕೆಲವರು ಬರೆಯುತ್ತಾರೆ. ಆರಂಭದ ಬಿಗಿತದಲ್ಲಿ ಸ್ವಲ್ಪ ಫಲ ಸಿಕ್ಕೀತು, ಎರಡನೆಯದಕ್ಕೆ ಯಕೃತ್ತಿನ ತೊಂದರೆ ಮಾಡುವ ಗುಣವಿದೆ. ನಿಮ್ಮ ಸ್ಥಿತಿಯಲ್ಲಿ, ಅದೂ ಗರ್ಭಿಣಿಯಾಗುವ ಯೋಚನೆ ಇರುವಾಗ, ನನಗೆ ಅದರ ಮೇಲೆ ಭರವಸೆಯಿಲ್ಲ.

ಕಾಯಬಾರದ ಸಂದರ್ಭಗಳೂ ಇವೆ. ಒಂದು ಕಡೆ ದಿಢೀರನೆ ಊದಿಕೊಂಡರೆ, ಕೆಂಪಾಗಿ ಜ್ವರ ಬಂದರೆ, ಹಳೆಯ ಗಾಯದ ಗುರುತಿನ ಬಳಿ ಚರ್ಮ ತೆಳುವಾಗಿ ಹೊಳೆಯತೊಡಗಿದರೆ, ಕಂಕುಳಲ್ಲಿ ಗಂಟು ಸಿಕ್ಕರೆ ಅದೇ ವಾರ ತೋರಿಸಿ. ಇಂಪ್ಲಾಂಟ್ ಒಡೆದದ್ದು ಖಚಿತವಾದರೆ ತೆಗೆಸುವುದೇ ಸರಿ, ಆದರೆ ಅದು ಮಧ್ಯರಾತ್ರಿಯ ತುರ್ತಲ್ಲ. ಕೆಲವು ವಾರಗಳಲ್ಲಿ ಯೋಜಿಸಿ ಮಾಡಿಸಬಹುದು.

ಇನ್ನೊಂದು ಮಗುವಿನ ಪ್ರಶ್ನೆ ನಿಮ್ಮ ನಿರ್ಧಾರದ ನಡುಗಂಬ. ಗರ್ಭ ಮತ್ತು ಎದೆಹಾಲಿನ ಕಾಲದಲ್ಲಿ ಸ್ತನ ಹಿಗ್ಗಿ, ಆಮೇಲೆ ಕುಗ್ಗಿ, ಚರ್ಮ ಸಡಿಲಾಗುತ್ತದೆ. ಈಗ ಸರಿಸಮವಾಗಿ ಹೊಂದಿಸಿದ ಆಕಾರ ಆಗ ಹಾಗೇ ಉಳಿಯದು. ಮುಂದಿನ ಒಂದು ಒಂದೂವರೆ ವರ್ಷದಲ್ಲಿ ಮಗು ಬೇಕೆಂದಿದ್ದರೆ, ನೋವು ಈಗಿನಷ್ಟೇ ಇದ್ದರೆ, ಮಗು ಮೊದಲು, ಆಪರೇಷನ್ ಆಮೇಲೆ ಎಂಬುದು ನನ್ನ ಸಲಹೆ. ಹಾಲು ಬಿಡಿಸಿ ಕನಿಷ್ಠ ಆರು ತಿಂಗಳಾಗಿ, ತೂಕ ನಿಂತ ಮೇಲೆ ಮಾಡಿಸಿ. ನಿದ್ದೆ ಕೆಡಿಸುವ ನೋವಿದ್ದರೆ ಮಾತ್ರ ಈ ಕ್ರಮ ತಿರುಗುತ್ತದೆ. ಇಂಪ್ಲಾಂಟ್ ಇದ್ದೂ ಹಾಲೂಡಿಸಬಹುದು, ಸ್ತನದ ಕೆಳಮಡಿಕೆಯಲ್ಲಿ ಕೊಯ್ದಿದ್ದರೆ ನಾಳಗಳಿಗೆ ಪೆಟ್ಟು ಕಡಿಮೆ. ತೊಟ್ಟಿನ ಸುತ್ತಲಿನ ಕಪ್ಪು ಭಾಗದಂಚಿನಲ್ಲಿ ಕೊಯ್ದಿದ್ದರೆ ಹಾಲು ಕಡಿಮೆಯಾಗುವ ಸಂಭವ ಹೆಚ್ಚು. ಮುಂದೆ ಆಪರೇಷನ್ ಆದರೂ ಅಲ್ಲಿಂದ ಒಳಹೋಗಬೇಡಿ ಎಂದು ಹೇಳಿ. ನಾಳಗಳಲ್ಲಿರುವ ಬ್ಯಾಕ್ಟೀರಿಯಾ ಹೊಸ ಇಂಪ್ಲಾಂಟಿಗೆ ತಗಲುವ ದಾರಿಯೂ ಅದೇ.

ಮಾಡಿಸುವುದೇ ಆದರೆ

ಬಿಗಿತಕ್ಕೆ ಮರು ಶಸ್ತ್ರಚಿಕಿತ್ಸೆ ಎಂದರೆ ಎರಡು ಕೆಲಸ ಒಟ್ಟಿಗೆ ಆಗಬೇಕು. ಬಿಗಿದ ಪೊರೆ ಹೋಗಬೇಕು ಅಥವಾ ಅದನ್ನು ಬಿಟ್ಟು ಹೊಸ ಜಾಗ ಮಾಡಬೇಕು. ಸ್ನಾಯುವಿನ ಮೇಲಿದ್ದರೆ ಕೆಳಕ್ಕೆ ಹೋಗುವುದು ರೂಢಿ. ಮೊದಲೇ ಕೆಳಗಿದ್ದರೆ ಹಳೆಯ ಪೊರೆಯ ಮುಂಗೋಡೆ ಮತ್ತು ಸ್ನಾಯುವಿನ ನಡುವೆ ಹೊಸ ಪಾಕೆಟ್ ಬಿಡಿಸಬಹುದು. ಪೊರೆ ದಪ್ಪಗಿದ್ದು ಸುಣ್ಣಗಟ್ಟಿದ್ದರೆ ಅದು ಸಾಧ್ಯವಾಗದು. ಎರಡನೆಯದು ಹೊಸ ಇಂಪ್ಲಾಂಟ್. ‘ಹಳೆಯದು ಚೆನ್ನಾಗಿದೆ, ತೊಳೆದು ಅದನ್ನೇ ಹಾಕುತ್ತೇವೆ, ದುಡ್ಡು ಉಳಿಯುತ್ತದೆ’ ಎಂದರೆ ಒಪ್ಪಬೇಡಿ. ಬಯೋಫಿಲ್ಮ್ ತೊಳೆದರೆ ಹೋಗುವುದಿಲ್ಲ. ಬರೀ ಪೊರೆಯನ್ನು ಅಲ್ಲಲ್ಲಿ ಕೊಯ್ದು ಸಡಿಲಿಸಿ ಬಿಟ್ಟರೆ ಮತ್ತೆ ಬಿಗಿಯುವುದು ಹೆಚ್ಚು. ಪ್ರಾಣಿ ಅಥವಾ ದಾನಿಯ ಚರ್ಮದಲ್ಲಿನ ಜೀವಕಣಗಳನ್ನು ತೆಗೆದುಹಾಕಿ ಮಾಡುವ ಜಾಲರಿಹಾಳೆ ಇಟ್ಟರೆ ಮರುಕಳಿಸುವುದು ತಗ್ಗುತ್ತದೆ. ದುಬಾರಿ, ಹೀಗಾಗಿ ಮೊದಲ ಸಲದ ಬಿಗಿತಕ್ಕಿಂತ ಎರಡನೇ ಸಲ ಬಿಗಿದವರಲ್ಲಿ ಅದರ ಮಾತು ಬರುತ್ತದೆ.

ಬಲಗಡೆ ಮುಟ್ಟಬೇಕೇ? ವೈದ್ಯಕೀಯವಾಗಿ ಬೇಕಿಲ್ಲ. ಮೆತ್ತಗಿರುವ ಸ್ತನವನ್ನು ಬಿಚ್ಚಿದರೆ ಅಲ್ಲೂ ಹೊಸ ಬಿಗಿತದ ಸಂಭವ ತಂದುಕೊಂಡಂತೆ. ಆ ಮಾದರಿ ಈಗ ಸಿಗದಿದ್ದರೆ, ಬಲಗಡೆಯದೂ ಒಡೆದಿದ್ದರೆ, ಅಥವಾ ಹಿಂದಕ್ಕೆ ಪಡೆದ ಮಾದರಿಯಾಗಿದ್ದು ಅರಿವಳಿಕೆ ಹೇಗೂ ತೆಗೆದುಕೊಳ್ಳುತ್ತಿದ್ದರೆ ಎರಡನ್ನೂ ಬದಲಿಸುವುದಕ್ಕೆ ಅರ್ಥವಿದೆ.

‘ಸ್ವಲ್ಪ ದೊಡ್ಡದು’ ಎಂಬ ಸಲಹೆಗೆ ನನ್ನ ಉತ್ತರ ಬೇಡ ಎಂದೇ. ಪೊರೆ ತೆಗೆದ ಮೇಲೆ ಸ್ತನದ ಹೊದಿಕೆ ಮೊದಲಿಗಿಂತ ತೆಳ್ಳಗಾಗಿರುತ್ತದೆ. ಅದರ ಮೇಲೆ ಹೆಚ್ಚು ಭಾರ ಹೇರಿದರೆ ಇಂಪ್ಲಾಂಟ್ ಕೆಳಕ್ಕೆ ಜಾರುವುದು, ಅಂಚು ಅಲೆಯಲೆಯಾಗಿ ಕಾಣುವುದು, ಎರಡು ಸ್ತನಗಳ ನಡುವಿನ ಅಂತರವೇ ಅಳಿಸಿಹೋಗುವುದು, ಇವೆಲ್ಲ ಮೂರನೆಯ ಆಪರೇಷನ್ನಿಗೆ ಕರೆಯುವ ತೊಂದರೆಗಳು. ಕಾಲರ್ ಎಲುಬಿನ ಕೆಳಗೆ, ಸ್ತನದ ಮೇಲ್ಭಾಗದಲ್ಲಿ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದು ಸರ್ಜನ್ ಅಳೆಯುತ್ತಾರೆ. 2 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಸ್ನಾಯುವಿನ ಹೊದಿಕೆ ಬೇಕೆಂಬುದು ಹಳೆಯ ಲೆಕ್ಕ. ಅಳೆಯದೆ ಗಾತ್ರ ಹೇಳಿದರೆ ಅದು ಅಂದಾಜು ಮಾತ್ರ.

ಸುಮ್ಮನೆ ತೆಗೆಸಿಬಿಡುವುದೂ ಪೂರ್ಣ ಗೌರವದ ಆಯ್ಕೆ, ಸೋಲಲ್ಲ. ಮತ್ತೆ ಬಿಗಿಯುವ ಭಯ ಅಲ್ಲಿಗೆ ಮುಗಿಯುತ್ತದೆ, ಜೀವನವಿಡೀ ಸ್ಕ್ಯಾನ್ ಮಾಡಿಸುವ ಕೆಲಸವೂ. ಮೊದಲ ವಾರಗಳಲ್ಲಿ ಬತ್ತಿದಂತೆ, ಸುಕ್ಕುಗಟ್ಟಿದಂತೆ ಕಾಣುತ್ತದೆ. ಚರ್ಮ ಮುಂದಿನ ತಿಂಗಳುಗಳಲ್ಲಿ ಸಾಕಷ್ಟು ಎಳೆದುಕೊಳ್ಳುತ್ತದೆ, ಆದರೆ ಇಂಪ್ಲಾಂಟ್ ಹಾಕಿಸುವ ಮೊದಲಿದ್ದ ಸ್ತನ ಹಾಗೇ ವಾಪಸು ಬರುವುದಿಲ್ಲ. ಎತ್ತಿ ಕಟ್ಟುವ ಆಪರೇಷನ್ ಬೇಕೆನಿಸಿದರೆ ತೆಗೆದು ಕೆಲವು ತಿಂಗಳು ನೋಡಿ ಆಮೇಲೆ ಮಾಡಿಸುವುದು ರಕ್ತಪೂರೈಕೆಯ ದೃಷ್ಟಿಯಿಂದ ಸುರಕ್ಷಿತ. ಎರಡನ್ನೂ ಒಂದೇ ದಿನ ಮಾಡಿದರೆ ಮೊಲೆತೊಟ್ಟಿಗೆ ರಕ್ತ ಸಾಲದಾಗುವ ಅಪಾಯ ಹೆಚ್ಚು, ಬೀಡಿ ಸಿಗರೇಟು ಸೇದುವವರಲ್ಲಂತೂ ಇನ್ನೂ ಹೆಚ್ಚು. ಹೊಟ್ಟೆ ಅಥವಾ ತೊಡೆಯ ಕೊಬ್ಬು ತುಂಬಿಸಿಕೊಳ್ಳಬಹುದು, ಅದರಲ್ಲಿ ಒಂದು ಪಾಲು ದೇಹ ಹೀರಿಕೊಳ್ಳುತ್ತದೆ.

ಎರಡನೆಯ ಸಲದ ಫಲ ಮೊದಲಿನಷ್ಟು ಖಚಿತವಲ್ಲ ಎಂಬುದಕ್ಕೆ ಅಂಕಿಗಳಿವೆ. ಅಮೆರಿಕದಲ್ಲಿ ಒಂದೇ ತಯಾರಕರ ದುಂಡು ಸಿಲಿಕೋನ್ ಇಂಪ್ಲಾಂಟುಗಳನ್ನು ಹತ್ತು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ, ಮೊದಲ ಸಲ ಹಾಕಿಸಿದವರಲ್ಲಿ ಶೇ. 36ರಷ್ಟು ಮಂದಿಗೆ ಮತ್ತೊಂದು ಆಪರೇಷನ್ ಆಯಿತು, ಬದಲಿಸಿಕೊಂಡವರಲ್ಲಿ ಶೇ. 46. ಗಂಭೀರ ಬಿಗಿತ ಮೊದಲ ಗುಂಪಿನಲ್ಲಿ ಸುಮಾರು ಶೇ. 19, ಎರಡನೆಯದರಲ್ಲಿ ಸುಮಾರು ಶೇ. 29. ಈ ಸಂಖ್ಯೆಗಳನ್ನು ನಿಮ್ಮ ಸರ್ಜನ್ ಮುಂದಿಟ್ಟು, ‘ನನ್ನಲ್ಲಿ ಇದು ಮತ್ತೆ ಬಿಗಿಯದಂತೆ ಏನು ಮಾಡುತ್ತೀರಿ’ ಎಂದು ಕೇಳಿ. ಕೊಯ್ಯುವ ಮೊದಲೇ ಆಂಟಿಬಯೋಟಿಕ್ ಇಂಜೆಕ್ಷನ್, ಮೊಲೆತೊಟ್ಟಿನ ಮೇಲೆ ಅಂಟುಪಟ್ಟಿ, ಪಾಕೆಟನ್ನು ಪೊವಿಡೋನ್ ಅಯೋಡಿನ್ ಅಥವಾ ಆಂಟಿಬಯೋಟಿಕ್ ದ್ರಾವಣದಿಂದ ತೊಳೆಯುವುದು, ಇಂಪ್ಲಾಂಟ್ ಮುಟ್ಟುವ ಮೊದಲು ಗ್ಲೌಸ್ ಬದಲಾವಣೆ, ಚರ್ಮಕ್ಕೆ ತಾಗದಂತೆ ಒಳಸೇರಿಸುವ ಫನೆಲ್: ಇವು ಉತ್ತರದಲ್ಲಿ ಬರಬೇಕು. ‘ನಮ್ಮಲ್ಲಿ ಹಾಗೆಲ್ಲ ಆಗುವುದೇ ಇಲ್ಲ’ ಎಂಬುದು ಉತ್ತರವಲ್ಲ.

ಸರ್ಜನ್ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿದವರೇ, ಹೆಸರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿದೆಯೇ, ಆಸ್ಪತ್ರೆಗೆ ಕೆಪಿಎಂಇ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಇದೆಯೇ ನೋಡಿ. ಮೊದಲ ಸಲ ಹಾಕುವುದರಲ್ಲಿ ಪಳಗಿದವರೆಲ್ಲ ಮರು ಶಸ್ತ್ರಚಿಕಿತ್ಸೆಯಲ್ಲಿ ಪಳಗಿರುವುದಿಲ್ಲ. ಒಪ್ಪಿಗೆ ಪತ್ರದಲ್ಲಿ ಎರಡನೆಯ ಯೋಜನೆಯೂ ಇರಲಿ: ಒಳಗೆ ಕೀವು ಅಥವಾ ಅನುಮಾನದ ಗಂಟು ಕಂಡರೆ ಹೊಸದನ್ನು ಹಾಕದೆ ಮುಚ್ಚಿ ಬರಬೇಕು ಎಂದು ಬರೆಸಿ.

ದುಡ್ಡು, ರಜೆ, ಮನೆ

ಆರೋಗ್ಯ ವಿಮೆಯಲ್ಲಿ ಸೌಂದರ್ಯ ಚಿಕಿತ್ಸೆಗೆ ಹಣ ಸಿಗುವುದಿಲ್ಲ. ಪಾಲಿಸಿಯ ‘ಎಕ್ಸ್‌ಕ್ಲೂಷನ್ 08’ ತೆರೆದು ಓದಿ. ನೇರವಾದ, ತಕ್ಷಣದ ಆರೋಗ್ಯ ಅಪಾಯವನ್ನು ತೆಗೆಯಲು ಅಗತ್ಯವಾದ ಚಿಕಿತ್ಸೆಗೆ, ವೈದ್ಯರು ಹಾಗೆಂದು ಪ್ರಮಾಣಿಸಿದರೆ, ಅಲ್ಲೊಂದು ವಿನಾಯಿತಿಯಿದೆ. ಒಡೆದದ್ದು, ಸೋಂಕು, ಲಿಂಫೋಮಾ ಶಂಕೆ ಇದ್ದರೆ ಆ ಬಾಗಿಲು ತಟ್ಟಬಹುದು. ಆಕಾರ ಮಾತ್ರ ಕೆಟ್ಟಿದ್ದರೆ ತೆರೆಯುವುದು ಕಷ್ಟ. ಸೌಂದರ್ಯ ಚಿಕಿತ್ಸೆಯ ಬಿಲ್ಲಿಗೆ ಶೇ. 18 ಜಿಎಸ್‌ಟಿ ಬೀಳುತ್ತದೆ, ಅಂದಾಜುಪಟ್ಟಿಯಲ್ಲಿ ಅದು ಸೇರಿದೆಯೇ ಕೇಳಿ. ಸರ್ಜನ್, ಅರಿವಳಿಕೆ ತಜ್ಞ, ಓಟಿ, ಇಂಪ್ಲಾಂಟ್, ಬಯಾಪ್ಸಿ ಎಂದು ಬಿಡಿಬಿಡಿಯಾಗಿ ಬರೆದುಕೊಡಲು ಹೇಳಿ. ಕೆಲವು ತಯಾರಕರು ಒಡೆದರೆ ಅಥವಾ ಮೂರು-ನಾಲ್ಕನೆಯ ಹಂತದ ಬಿಗಿತ ಬಂದರೆ ಇಂಪ್ಲಾಂಟನ್ನು ಉಚಿತವಾಗಿ ಬದಲಿಸಿಕೊಡುತ್ತಾರೆ. ಅದಕ್ಕೆ ಸೀರಿಯಲ್ ಸಂಖ್ಯೆ ಬೇಕು, ಮತ್ತು ಕ್ಲೇಮು ಸಾಮಾನ್ಯವಾಗಿ ಆಪರೇಷನ್ನಿಗೆ ಮೊದಲೇ ಹೋಗಬೇಕು.

ತಂಬಾಕು, ವೇಪ್ ಏನಿದ್ದರೂ ಮುಂಚೆ ನಾಲ್ಕು ವಾರ, ಆಮೇಲೆ ನಾಲ್ಕು ವಾರ ಪೂರ್ತಿ ಬಂದ್. ಸಕ್ಕರೆ ಕಾಯಿಲೆ ಇದ್ದರೆ ಎಚ್‌ಬಿಎ1ಸಿ ಹತೋಟಿಗೆ ತಂದುಕೊಳ್ಳಿ. ಆಸ್ಪಿರಿನ್, ಮೀನೆಣ್ಣೆ, ನಾಟಿ ಔಷಧಿ ಎಲ್ಲವನ್ನೂ ಅರಿವಳಿಕೆ ತಜ್ಞರಿಗೆ ಹೇಳಿ. ಪೊರೆ ತೆಗೆದ ಜಾಗದಲ್ಲಿ ಡ್ರೇನ್ (ದ್ರವ ಹೊರತರುವ ಕೊಳವೆ) ಇಡುವುದು ಸಾಮಾನ್ಯ. ದಿನಕ್ಕೆ ಬರುವ ದ್ರವ 30 ಮಿಲಿಗಿಂತ ಕಡಿಮೆಯಾದ ಮೇಲೆ ತೆಗೆಯುತ್ತಾರೆ. ಕುಳಿತು ಮಾಡುವ ಕೆಲಸಕ್ಕೆ ಒಂದರಿಂದ ಎರಡು ವಾರದಲ್ಲಿ ಹೋಗಬಹುದು. ನಿಮಗೆ ಕಷ್ಟವಾಗುವುದು ಮಗಳು: ನಾಲ್ಕು ವಾರವಾದರೂ ಅವಳನ್ನು ಎತ್ತುವಂತಿಲ್ಲ, ಸ್ನಾನದ ಬಕೆಟ್ಟೂ ಎತ್ತುವಂತಿಲ್ಲ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಲ್ಲುವುದು, ಸ್ಕೂಟರ್ ಓಡಿಸುವುದು ಅಷ್ಟೂ ದಿನ ಬೇಡ. ಜಿಮ್ಮಿಗೆ ಆರು ವಾರ. ಮನೆಯಲ್ಲಿ ಕೈಜೋಡಿಸುವವರು ಯಾರೆಂದು ಮೊದಲೇ ನಿಶ್ಚಯ ಮಾಡಿಕೊಳ್ಳದಿದ್ದರೆ ತಾಯಂದಿರು ಐದನೆಯ ದಿನಕ್ಕೇ ಮಗುವನ್ನು ಎತ್ತಿಬಿಡುತ್ತಾರೆ, ಒಳಗೆ ರಕ್ತ ಕಟ್ಟುವುದು ಆಗಲೇ. ಕಟ್ಟಿದ ರಕ್ತವೇ ಮುಂದಿನ ಬಿಗಿತಕ್ಕೆ ಬೀಜ.

ಮೊದಲ ದಿನಗಳಲ್ಲಿ ಒಂದು ಕಡೆ ಮಾತ್ರ ಬೇಗ ಊದಿ, ಬಿಗಿದು, ನೋವು ಮಾತ್ರೆಗೆ ಬಗ್ಗದಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ. ಉಸಿರಾಟ ಕಷ್ಟವಾದರೆ, ಕಾಲಿನ ಮೀನಖಂಡ ಊದಿದರೆ ಕೂಡ ಹಾಗೆಯೇ. ಹೊಸ ಇಂಪ್ಲಾಂಟ್ ಹಾಕಿಸಿಕೊಂಡರೆ ಸ್ಕ್ಯಾನಿನ ಲೆಕ್ಕ ಅವತ್ತಿನಿಂದ ಮತ್ತೆ ಶುರು: 5-6 ವರ್ಷಕ್ಕೆ ಮೊದಲನೆಯದು, ಆಮೇಲೆ 2-3 ವರ್ಷಕ್ಕೊಮ್ಮೆ. ನಲವತ್ತು ದಾಟಿ ಮ್ಯಾಮೊಗ್ರಾಂಗೆ ಹೋದಾಗ ಇಂಪ್ಲಾಂಟ್ ಇದೆಯೆಂದು ತಂತ್ರಜ್ಞರಿಗೆ ಮೊದಲೇ ಹೇಳಿ. ಅದನ್ನು ಹಿಂದಕ್ಕೆ ಸರಿಸಿ ಸ್ತನವನ್ನು ಮಾತ್ರ ಮುಂದಕ್ಕೆಳೆದು ತೆಗೆಯುವ ಹೆಚ್ಚುವರಿ ಚಿತ್ರಗಳು ನಿಮಗೆ ಬೇಕಾಗುತ್ತವೆ.